ಮಧ್ಯಂತರವಿಲ್ಲದ ಮಧ್ಯಾಹ್ನ

ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ಒರಾಯನ್ ಮಾಲ್‌ನಲ್ಲಿ ನಡೆಯುತ್ತಿದ್ದ ವರ್ಷಗಳಲ್ಲಿ, ಅಲ್ಲಿನ ಮಲ್ಟಿಪ್ಲೆಕ್ಸಿನ 11 ಪರದೆಗಳು ಒಂದು ವಾರದ ಮಟ್ಟಿಗೆ ತಾರಾಚಿತ್ರಗಳಿಂದ ಬಿಡುವು ಪಡೆಯುತ್ತಿದ್ದವು. 1971ರಲ್ಲಿ ಹುಟ್ಟಿದ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕೂಟಗಳು ಸದಸ್ಯರಿಗಷ್ಟೇ ತೋರಿಸುತ್ತಿದ್ದ ಬಗೆಯ ಸಿನಿಮಾಗಳು, ಉಳಿದ ದಿನಗಳಲ್ಲಿ ಶಿಳ್ಳೆ ಮೊಳಗುವ ಸಭಾಂಗಣಗಳಲ್ಲೇ ಬೆಳಗಿನಿಂದ ರಾತ್ರಿಯವರೆಗೆ ಓಡುತ್ತಿದ್ದವು.

ಅಂಥದೊಂದು ದಿನ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೋ ನಿಲ್ದಾಣದಲ್ಲಿ ಇಳಿದು, ಗೆಳೆಯನೊಂದಿಗೆ ಮಧ್ಯಾಹ್ನದ ಇರಾನಿ ಚಿತ್ರಕ್ಕೆ ಹೋದೆ. ಪಾಸು ಕೊರಳಲ್ಲಿದ್ದರೂ ಆಸನದ ಖಾತ್ರಿಯಿಲ್ಲದ ಕಾರಣ, ಹಿಂದಿನ ಪ್ರದರ್ಶನ ಮುಗಿಯುವ ಮೊದಲೇ ಬಾಗಿಲ ಮುಂದೆ ಸಾಲು ಬೆಳೆದಿತ್ತು. ನಿವೃತ್ತ ಅಧ್ಯಾಪಕರಂತೆ ಕಂಡ ಹಿರಿಯರು, ವೇಳಾಪಟ್ಟಿಯ ಹಾಳೆಯಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದ ಸಿನಿಮಾ ವಿದ್ಯಾರ್ಥಿಗಳು, ಡಬ್ಬಿಯ ಚಿತ್ರಾನ್ನವನ್ನು ನಿಂತಲ್ಲೇ ಮುಗಿಸುತ್ತಿದ್ದ ದಂಪತಿ, ಎಲ್ಲರಿಗೂ ಒಂದೇ ಆತಂಕ. ಒಳಗೆ ಹೋದ ಮೇಲೆ ಕರವಸ್ತ್ರ, ಚೀಲ, ನೀರಿನ ಬಾಟಲಿ ಇಟ್ಟು ಆಸನ ಹಿಡಿಯುವ ನಮ್ಮ ಬಸ್ಸಿನ ಪದ್ಧತಿ ಯಥಾವತ್ತಾಗಿ ನಡೆಯಿತು. ಜಾಗ ಸಿಗದವರು ಮೆಟ್ಟಿಲುಗಳ ಮೇಲೆಯೇ ಕುಳಿತರು.

ಚಿತ್ರ ಅರ್ಧಕ್ಕೆ ಬಂದಾಗ, ಪಕ್ಕದ ಆಸನದ ಹಿರಿಯರು ಕೈಗಡಿಯಾರ ನೋಡಿ, "ಇಂಟರ್ವಲ್ ಯಾವಾಗ ಬಿಡ್ತಾರೆ ಸಾರ್?" ಎಂದು ಮೆಲ್ಲಗೆ ಕೇಳಿದರು. ಇಲ್ಲವೆಂದಾಗ ಒಂದು ಕ್ಷಣ ಯೋಚಿಸಿ, ಕಾಲು ಮಡಚಿಕೊಂಡು ಕುಳಿತೇಬಿಟ್ಟರು. ನಮ್ಮ ಜನಪ್ರಿಯ ಚಿತ್ರಗಳ ಕಥೆ ಮಧ್ಯಂತರದ ಕಡೆಗೆ ಏರಿ, ಅಲ್ಲೊಂದು ಪೆಟ್ಟು ಕೊಟ್ಟು, ಕಾಫಿ ಕುಡಿದು ಬಂದವರಿಗೆ ಮತ್ತೆ ಮೊದಲಿನಿಂದ ಕಾವು ಹಿಡಿಸಬೇಕಾಗುತ್ತದೆ. ಚಿತ್ರಕಥೆ ಬರೆಯುವವರು ಆ ಹತ್ತು ನಿಮಿಷಗಳನ್ನು ಲೆಕ್ಕಕ್ಕೆ ಹಿಡಿದೇ ಕೂರುತ್ತಾರೆ. ಇಲ್ಲಾದರೋ, ಹೆಂಗಸೊಬ್ಬಳು ಮನೆಯ ಕೀಲಿಗಾಗಿ ಹುಡುಕುವ ದೃಶ್ಯವೇ ಬಹಳ ಹೊತ್ತು ನಡೆದು, ನಡುವೆ ದೀಪ ಹತ್ತಿದ್ದರೆ ಖಂಡಿತ ಕಳೆದುಹೋಗುತ್ತಿದ್ದ ಒಂದು ಬಿಗಿ ಸಭಾಂಗಣದಲ್ಲಿ ಕಟ್ಟಿಕೊಂಡಿತು. ಕೆಲವರು ನಿದ್ದೆಯನ್ನೂ ಮಾಡಿದರು. ಕಲಾತ್ಮಕ ಚಿತ್ರ ನೋಡಲು ಬಂದವರೆಲ್ಲ ಗಂಭೀರ ರಸಿಕರೆಂದು ಭಾವಿಸುವ ಅಗತ್ಯವಿಲ್ಲ.

ಉತ್ಸವ ಮುಗಿದ ನಂತರದ ವಾರ ಮನೆಯವರೊಂದಿಗೆ ಅದೇ ಮಲ್ಟಿಪ್ಲೆಕ್ಸಿಗೆ ದೊಡ್ಡ ನಾಯಕನ ಕನ್ನಡ ಚಿತ್ರಕ್ಕೆ ಹೋದೆ. ಪರಿಚಯದೃಶ್ಯಕ್ಕೆ ಕಾಗದದ ಚೂರುಗಳು ಹಾರಿದವು, ಸಂಭಾಷಣೆ ಕೇಳದಷ್ಟು ಶಿಳ್ಳೆ ಬಿತ್ತು. ನಾನೂ ಚಪ್ಪಾಳೆ ತಟ್ಟಿದೆ. ಮಧ್ಯಂತರ ಬಂದದ್ದು ಹಿತವೇ ಆಯಿತು, ಏಕೆಂದರೆ ಅಲ್ಲಿಯವರೆಗಿನ ಗದ್ದಲವನ್ನು ಮಾತಾಡಿ ಹಂಚಿಕೊಳ್ಳದೆ ಮುಂದಿನರ್ಧಕ್ಕೆ ಕೂರುವುದು ಕಷ್ಟವಿತ್ತು. ಆದ್ದರಿಂದ ಇದರಲ್ಲಿ ಮೇಲುಕೀಳಿನ ಮಾತು ಬೇಡ; ನನ್ನ ತಕರಾರು ಇರುವುದು, ಒಂದು ಬಗೆಗೆ ವರ್ಷವಿಡೀ ಜಾಗವಿದ್ದು ಇನ್ನೊಂದಕ್ಕೆ ವಾರವಷ್ಟೇ ಸಿಗುವುದರ ಬಗ್ಗೆ.

ನಗರದ ಯಾವುದಾದರೂ ಮಲ್ಟಿಪ್ಲೆಕ್ಸು ವಾರಕ್ಕೊಂದು ಸಂಜೆ ಒಂದೇ ಒಂದು ಪರದೆ ಬಿಟ್ಟುಕೊಟ್ಟರೂ, ಅಂದು ಮೆಟ್ಟಿಲ ಮೇಲೆ ಕುಳಿತವರು ಟಿಕೆಟ್ ಕೊಂಡು ಬರುತ್ತಾರೆಂದು ನನ್ನ ನಂಬಿಕೆ. ಗೆಳೆಯ ಒಪ್ಪುವುದಿಲ್ಲ. ಪಾಸಿನಲ್ಲಿ ದಿನಕ್ಕೆ ನಾಲ್ಕು ಚಿತ್ರ ನೋಡುವ ಜನ, ಒಂದು ಚಿತ್ರಕ್ಕೆ ಹಣ ಕೊಡಬೇಕೆಂದರೆ ಮನೆಯಲ್ಲೇ ಉಳಿಯುತ್ತಾರೆಂಬುದು ಅವನ ವಾದ, ಮತ್ತು ಅದನ್ನು ಸುಳ್ಳೆಂದು ತೋರಿಸಲು ನನ್ನ ಬಳಿ ಇನ್ನೂ ಏನೂ ಇಲ್ಲ.