ಮನೆ ಎತ್ತಿಡೋಕೆ ಮನಸ್ಸು ಎಲ್ಲಿಂದ ಬರುತ್ತೆ?

"ಚಿಗವ್ವ, ಮನೆ ಹರವಿಕೊಂಡು ಬಿದ್ದೈತಿ. ಎತ್ತಿಡಬೇಕು ಅಂತೀನಿ, ಮನಸ್ಸೇ ಬರಂಗಿಲ್ಲ. ನಿನಗ ಹೆಂಗ ಬರ್ತೈತಿ?" ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಫೋನ್ ಮಾಡಿದಾಗೆಲ್ಲ ಇದನ್ನೇ ಕೇಳುತ್ತಾಳೆ. ಓಣಿಯವರೂ ಕೇಳುತ್ತಾರೆ.

ನನಗೆ ಮನಸ್ಸು ಬಂದದ್ದು ರೊಟ್ಟಿಯಿಂದ.

ನಮ್ಮ ಕೊಪ್ಪಳದ ಗವಿಮಠದ ಜಾತ್ರೆ ಬನದ ಹುಣ್ಣಿಮೆ ಮುಗಿದ ಬೆನ್ನಿಗೇ ಬರುತ್ತದೆ. ದಾಸೋಹಕ್ಕೆ ಊರೂರಿನಿಂದ ಟ್ರ್ಯಾಕ್ಟರ್‌ಗಳಲ್ಲಿ ಜೋಳದ ರೊಟ್ಟಿ ಬರುತ್ತವೆ. ನಮ್ಮ ಓಣಿಯ ಹೆಂಗಸರೂ ಒಂದು ಮನೆಯಲ್ಲಿ ಸೇರಿ ಬಡಿಯುತ್ತೇವೆ. ಒಂದು ವರ್ಷ ನಮ್ಮ ಮನೆಯ ಪಾಳಿ ಇತ್ತು. ಪಡಸಾಲೆಯಲ್ಲಿ ಕೆಟ್ಟ ಟೇಬಲ್ ಫ್ಯಾನು, ಖಾಲಿ ಗೊಬ್ಬರದ ಚೀಲ, ಮಕ್ಕಳ ಹಳೇ ಪುಸ್ತಕ, ಮದುವೆಯಲ್ಲಿ ಬಂದು ಇನ್ನೂ ಬಿಚ್ಚದ ಸ್ಟೀಲ್ ಡಬ್ಬಿ, ಇವುಗಳ ನಡುವೆ ನಾಲ್ಕು ಜನ ಕೂರೋಕೂ ಜಾಗ ಇರಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಹಿಟ್ಟು, ಹಂಚು ಎತ್ತಿಕೊಂಡು ಪಕ್ಕದ ಮನೆಗೆ ಹೋದರು. ಆ ದಿನ ನನಗೆ ತುಂಬಾ ನೋವಾಯಿತು.

ಮುಂದಿನ ವರ್ಷ ದೀಪಾವಳಿ ಮುಗಿದ ಕೂಡಲೇ ಶುರು ಮಾಡಿದೆ. ಬೇಸಿಗೆಯಲ್ಲಿ ನಮ್ಮ ಕಡೆ 40 ಡಿಗ್ರಿ ಬಿಸಿಲು, ಆಗ ಅಟ್ಟ ಹತ್ತೋ ಮಾತೇ ಬೇಡ. ಒಂದೊಂದು ಸಾಮಾನು ಹಿಡಿದಾಗಲೂ ಒಂದೇ ಪ್ರಶ್ನೆ: ರೊಟ್ಟಿ ಬಡಿಯೋ ದಿನ ಇದು ಅಡ್ಡ ಬರುತ್ತಾ? ಅಡ್ಡ ಬಂದದ್ದು ಗುಜರಿಗೆ ಹೋಯಿತು, ಇಲ್ಲ ಬೇಕಾದವರ ಮನೆಗೆ.

ಆ ಜನವರಿಯಲ್ಲಿ ಎಂಟು ಜನ ಪಡಸಾಲೆಯಲ್ಲಿ ಕೂತೆವು. ಕುದಿಯೋ ಎಸರು ಹಿಟ್ಟಿಗೆ ಸುರಿದಾಗ ಏಳೋ ಹಬೆ, ಬಡಿಯೋ ಸಪ್ಪಳ, ಹಂಚಿನ ಮೇಲೆ ಒದ್ದೆ ಬಟ್ಟೆ ಆಡಿಸಿದಾಗ ಬರೋ ಚುಂಯ್ ಸದ್ದು. ಬೆಂದ ರೊಟ್ಟಿಗಳನ್ನು ಬಿಳಿ ಪಂಚೆ ಮೇಲೆ ಹರವಿದರೆ ಗೋಡೆಯಿಂದ ಗೋಡೆಗೆ ರೊಟ್ಟಿಯೇ. ಖಡಕ್ ಆಗಬೇಕಾದರೆ ಒಂದರ ಮೇಲೊಂದು ಒಟ್ಟಬಾರದು, ಗಾಳಿ ಆಡಬೇಕು. ಅದಕ್ಕೇ ಅಷ್ಟು ಜಾಗ ಬೇಕು. ಅವತ್ತಿನಿಂದ ಆ ನೆಲದ ಮೇಲೆ ಏನಾದರೂ ಇಡೋಕೆ ನನಗೇ ಮನಸ್ಸಾಗಲ್ಲ.

ನೆಂಟರು ಬರ್ತಾರೆ ಅಂತ ಎತ್ತಿಟ್ಟದ್ದು ನೆಂಟರು ಹೋದ ಮೇಲೆ ನಿಲ್ಲೋದಿಲ್ಲ, ನಾನೂ ಎಷ್ಟೋ ಸಲ ಹಾಗೆ ಎಲ್ಲವನ್ನೂ ಒಳಗಿನ ಕೋಣೆಗೆ ತುರುಕಿ ಬಾಗಿಲು ಹಾಕಿದ್ದೀನಿ. ಇನ್ನೊಬ್ಬರ ಕಾರಣವೂ ನಮಗೆ ಹೊಂದಲ್ಲ. ನಮ್ಮ ಮನೆಯವರಿಗೆ ಪಡಸಾಲೆ ಹೇಗಿದ್ದರೂ ನಡೆಯುತ್ತದೆ. ಆದರೆ ಬೆಳೆ ವಿಮೆ ಕಟ್ಟೋ ಕಡೇ ದಿನ ಪಹಣಿ, ಪಾಸ್‌ಬುಕ್ ಹುಡುಕಿ ಒದ್ದಾಡಿದ ಮೇಲೆ, ಕಾಗದಪತ್ರದ ಟ್ರಂಕು ಮಾತ್ರ ಅವರೇ ಜೋಡಿಸಿ ಇಡುತ್ತಾರೆ.

ಮೊನ್ನೆ ಅಕ್ಕನ ಮಗಳನ್ನು ಕೇಳಿದೆ, "ಆ ಮನಿಯೊಳಗ ನಿನಗ ಏನು ಮಾಡಬೇಕನಸ್ತೈತಿ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಮತ್ತೆ ಚಿತ್ರ ಬಿಡಿಸಬೇಕು ಅಂದಳು. ಕಿಟಕಿ ಪಕ್ಕ ಟೇಬಲ್ ಇದೆಯಂತೆ, ಅದರ ತುಂಬ ಒಣಗಿದ ಬಟ್ಟೆ. "ಅಡಿಗಿಮನಿ ಇರ್ಲಿ ಬಿಡು, ಇವತ್ತು ಆ ಬಟ್ಟಿ ಅಷ್ಟ ಮಡಚು" ಅಂದೆ.