ಹತ್ತರಿಂದ ನಾಲ್ಕರವರೆಗಿನ ಬಿಸಿಲು

ಕಾರ್ತಿಕ ಕಳೆದು ಮಾರ್ಗಶಿರ ಬಂತೆಂದರೆ ನಮ್ಮ ದಾವಣಗೆರೆ, ದುರ್ಗದ ಕಡೆ ಒಂದು ನಿಯಮ ಜಾರಿಗೆ ಬಂತು ಅಂತಲೇ ಲೆಕ್ಕ: ಬೆಳಿಗ್ಗೆ ಹತ್ತರ ಮುಂಚೆ ತಾರಸಿ ಮೇಲೆ ಏನನ್ನೂ ಹರವಬಾರದು, ಸಂಜೆ ನಾಲ್ಕರ ಮೇಲೆ ಏನನ್ನೂ ಬಿಡಬಾರದು. ಬೇಸಿಗೆಯಲ್ಲಿ ಬಿಸಿಲೇ ಒಣಗಿಸುತ್ತದೆ. ಈಗ ಒಣಗಿಸುವುದು ಹೆಚ್ಚಾಗಿ ಮೂಡಣದ ಒಣಗಾಳಿ. ಹಗಲೆಲ್ಲ ಗಾಳಿ ಹೀರಿದ ಪಸೆಯನ್ನು ರಾತ್ರಿ ಇಬ್ಬನಿ ವಾಪಸು ತಂದು ಸುರಿಯುತ್ತದೆ. ಈ ಲೆಕ್ಕ ತಪ್ಪಿದ ಮನೆಯಲ್ಲಿ ಶೇಂಗಾ ಮುಗ್ಗುತ್ತದೆ, ತೊಕ್ಕಿಗೆ ಬೂಸ್ಟು ಬರುತ್ತದೆ, ಕಂಬಳಿ ಹೊದ್ದರೆ ಹಸಿ ವಾಸನೆ.

ಇಬ್ಬನಿಯನ್ನು ಬರೀ ಬೈಯುವುದೂ ಸರಿಯಲ್ಲ. ಅವರೆಕಾಯಿಗೆ ಸೊಗಡು ಕಟ್ಟುವುದೇ ಈ ಮಂಜಿನಲ್ಲಿ. ಎರೆ ಹೊಲದ ಕಡಲೆ ಗಿಡದ ಎಲೆ ಮೇಲಿನ ಸಣ್ಣ ಕೂದಲುಗಳಿಂದ ಹುಳಿ ಜಿನುಗುತ್ತದೆ. ಅದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ರಾತ್ರಿ ಗಿಡಗಳ ಮೇಲೆ ತೆಳ್ಳನೆ ಬಿಳಿ ಬಟ್ಟೆ ಹಾಸಿ, ನಸುಕಿನಲ್ಲಿ ಹಿಂಡಿ, ಆ ಇಬ್ಬನಿ ನೀರನ್ನೇ ಹುಳಿಯಾಗಿ ಬಳಸುವ ಪದ್ಧತಿ ಹಳೆಯದು. ಈಗ ಅಷ್ಟು ಕಷ್ಟ ಪಡುವವರು ಕಡಿಮೆ. ಸೊಪ್ಪು ಚಿವುಟಿ ತರುವವರಂತೂ ಇದ್ದಾರೆ. ಬಿತ್ತಿ ತಿಂಗಳು, ತಿಂಗಳ ಮೇಲೆ ಹತ್ತು ದಿನ ಆದಾಗ ಕುಡಿ ಚಿವುಟಿದರೆ ಗಿಡಕ್ಕೂ ಒಳ್ಳೆಯದು, ಕವಲು ಹೆಚ್ಚು ಒಡೆಯುತ್ತದೆ. ಔಷಧಿ ಹೊಡೆದ ಹೊಲದ ಸೊಪ್ಪು ಮಾತ್ರ ಬೇಡವೇ ಬೇಡ. ಏಕೆಂದರೆ ಇದನ್ನು ನಾಲ್ಕು ನೀರಲ್ಲಿ ತೊಳೆಯುವಂತಿಲ್ಲ, ಹುಳಿಯೆಲ್ಲ ಎಲೆಯ ಮೇಲೆಯೇ ಇರುವುದರಿಂದ ತೊಳೆದರೆ ಅದೂ ಹೋಯಿತು. ಒಂದೇ ಸಲ ನೀರಲ್ಲಿ ಅದ್ದಿ ತೆಗೆಯಿರಿ. ನಾಲ್ಕು ಹಿಡಿ ಸೊಪ್ಪಿಗೆ ಅರ್ಧ ಕಪ್ಪು ತೊಗರಿಬೇಳೆ, ಕಾಳುಕಾಳಾಗಿ ಬೆಂದಿರಬೇಕು. ಎಂಟು ಎಸಳು ಬೆಳ್ಳುಳ್ಳಿ, ನಾಲ್ಕು ಹಸಿಮೆಣಸಿನಕಾಯಿ ಜಜ್ಜಿ ಒಗ್ಗರಣೆ. ಹುಣಸೆಹಣ್ಣು ಹಾಕಬೇಡಿ. ಬಿಸಿ ಜೋಳದ ರೊಟ್ಟಿ ಜೊತೆಗಿದ್ದರೆ ಸಾಕು. ಮಿಕ್ಕ ಸೊಪ್ಪನ್ನು ನೆರಳಲ್ಲಿ ಮೂರ್ನಾಲ್ಕು ದಿನ ಒಣಗಿಸಿ ಬಟ್ಟೆಚೀಲದಲ್ಲಿ ಕಟ್ಟಿಟ್ಟರೆ ಬೇಸಿಗೆಯ ಬೇಳೆಗೆ ಆಗುತ್ತದೆ. ಬಿಸಿಲಿಗೆ ಹಾಕಿದರೆ ಎಲೆ ಬಿಳಿಚಿ ಹುಲ್ಲಿನ ರುಚಿ ಬರುತ್ತದೆ.

ಹತ್ತು ಗಂಟೆ ಆಯಿತು. ಮೊದಲ ಪಾಲು ಶೇಂಗಾದ್ದು.

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯ ಮಳೆಯಾಶ್ರಿತ ಶೇಂಗಾ ಕಿತ್ತು ಬಳ್ಳಿಯಿಂದ ಬಿಡಿಸುವ ಕಾಲವಿದು. ಹಸಿಕಾಯಿ ಸಿಕ್ಕರೆ ಮೊದಲು ಬೇಯಿಸಿ ತಿನ್ನಬೇಕು, ಒಣಗಿಸುವ ಮಾತು ಆಮೇಲೆ. ಒಂದು ಕೆಜಿ ಕಾಯಿಯನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿಟ್ಟು ಕೈಯಾಡಿಸಿ. ಕೆಮ್ಮಣ್ಣು ಸಿಪ್ಪೆಯ ಜಾಲರಿಯೊಳಗೆ ಕೂತಿರುತ್ತದೆ, ನೆನೆಯದೆ ಬಿಡುವುದಿಲ್ಲ. ನೀರು ತಿಳಿಯಾಗುವ ತನಕ ಮೂರು ನಾಲ್ಕು ಸಲ ಬದಲಿಸಿ. ಕಾಯಿ ಮುಳುಗಿ ಎರಡು ಬೆರಳು ಮೇಲಿರುವಷ್ಟು ನೀರು, ಎರಡು ದೊಡ್ಡ ಚಮಚ ಕಲ್ಲುಪ್ಪು, ಕುಕ್ಕರಿನಲ್ಲಿ ಮೂರು ಸೀಟಿ. ಎಲ್ಲರೂ ತಪ್ಪುವುದು ಇದರ ನಂತರ: ಬಿಸಿ ಇರುವಾಗಲೇ ನೀರು ಬಸಿದುಬಿಡುತ್ತಾರೆ. ಕಾಯಿ ಆರುವಾಗ ಸಿಪ್ಪೆಯೊಳಗಿನ ಹಬೆ ಕುಗ್ಗಿ, ಆ ಜಾಗಕ್ಕೆ ಉಪ್ಪುನೀರು ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಅದೇ ನೀರಲ್ಲಿ ಬಿಡದಿದ್ದರೆ ಎಷ್ಟು ಉಪ್ಪು ಹಾಕಿದರೂ ಬೀಜ ಸಪ್ಪೆಯೇ. ಅವತ್ತೇ ತಿಂದು ಮುಗಿಸಿ, ಹೊರಗಿಟ್ಟರೆ ಮರುದಿನಕ್ಕೆ ಲೋಳೆ ಬರುತ್ತದೆ.

ವರ್ಷಕ್ಕೆ ಇಡುವ ಕಾಯನ್ನು ಎರಡು ಕಾಯಿಗಿಂತ ದಪ್ಪವಾಗಿ ಹರವಬೇಡಿ. ದಿನಕ್ಕೆ ಮೂರು ಸಲ ಕೈಯಾಡಿಸಬೇಕು. ನಾಲ್ಕು ಗಂಟೆಗೆ ರಾಶಿ ಮಾಡಿ ಗೋಣಿಚೀಲ ಇಲ್ಲವೇ ಹಳೇ ಸೀರೆ ಹೊದಿಸಿ. ತಾಡಪಾಲು ಹೊದಿಸಿದರೆ ಹಗಲ ಕಾವಿಗೆ ರಾಶಿ ಒಳಗೇ ಬೆವರುತ್ತದೆ, ಬೆಳಿಗ್ಗೆ ತೆಗೆದು ನೋಡಿದರೆ ತಾಡಪಾಲಿನ ಒಳಮೈ ತೊಟ್ಟಿಕ್ಕುತ್ತಿರುತ್ತದೆ. ಹೀಗೆ ಐದಾರು ದಿನ. ಒಣಗಿತೋ ಇಲ್ಲವೋ ಎಂದು ನೋಡಲು ಮೂರು ಪರೀಕ್ಷೆ: ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಬೀಜ ಉಜ್ಜಿದರೆ ಕೆಂಪು ಸಿಪ್ಪೆ ಸುಲಿಯಬೇಕು, ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಇನ್ನೊಂದು ದಿನ ಬಿಸಿಲು ಕಾಣಿಸಿ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಎರಡು ಮೂರು ದಿನ ಮೋಡ ಕವಿದು ಜಿಟಿಜಿಟಿ ಹಿಡಿಯುತ್ತದೆ. ಆಗ ಕಾಯನ್ನು ಚೀಲಕ್ಕೆ ತುಂಬಿಡಬೇಡಿ, ಒಳಗೆ ನೆಲದ ಮೇಲೆ ಹರವಿ ಫ್ಯಾನ್ ಹಾಕಿ. ಹಸಿರು, ಹಳದಿ, ಕಪ್ಪು ಬೂಸ್ಟು ಕಂಡ ಬೀಜ, ಸುಕ್ಕುಗಟ್ಟಿ ಕಹಿಯಾದ ಬೀಜ, ಎರಡನ್ನೂ ಎಸೆಯಿರಿ. ಹುರಿದರೆ ಸರಿಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಆ ಬೂಸ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಮನೆಯ ಬಾಣಲಿ ಕಾವಿಗೆ ಪೂರ್ತಿ ಹೋಗುವುದಿಲ್ಲ. ದನಕ್ಕೆ ಹಾಕಿದರೆ ಹಾಲಿನಲ್ಲಿ ಮನೆಗೇ ವಾಪಸು ಬರುತ್ತದೆ. ಒಣಗಿದ್ದನ್ನು ಕಾಯಾಗಿಯೇ ಇಟ್ಟು, ಹದಿನೈದು ದಿನಕ್ಕೆ ಬೇಕಾದಷ್ಟೇ ಸುಲಿದುಕೊಳ್ಳಿ. ಸುಲಿದ ಬೀಜ ಗಾಳಿಗೆ ಬೇಗ ಕಮಟುತ್ತದೆ. ಸಿಪ್ಪೆ, ಮೆಕ್ಕೆಜೋಳದ ದಿಂಡು ಎರಡೂ ಬಚ್ಚಲ ಒಲೆಗೆ.

ಗುರೆಳ್ಳು ಎನ್ನಿ, ಹುಚ್ಚೆಳ್ಳು ಎನ್ನಿ, ಹೊಸದು ಬರುವುದೂ ಈಗಲೇ. ಸಣ್ಣ ಕಾಳಾದ್ದರಿಂದ ಮಣ್ಣು ಜಾಸ್ತಿ. ಜರಡಿ ಹಿಡಿದು, ಮೊರದಲ್ಲಿ ಕೇರಿ, ಒಂದು ದಿನ ಬಿಸಿಲಿಗಿಟ್ಟೇ ಹುರಿಯಬೇಕು. ಒಂದು ಕಪ್ಪಿಗೆ ಹತ್ತು ಹನ್ನೆರಡು ಒಣಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಎರಡು ಎಲೆ ಕರಿಬೇವು, ಗೋಲಿಯಷ್ಟು ಹುಣಸೆಹಣ್ಣು, ಅಷ್ಟೇ ಬೆಲ್ಲ, ಒಂದು ಚಮಚ ಉಪ್ಪು. ಸಣ್ಣ ಉರಿಯಲ್ಲಿ ಚಟಪಟ ಅನ್ನಲು ಶುರುವಾದ ಮೇಲೆ ಒಂದು ನಿಮಿಷ, ಅಷ್ಟೇ. ಕಾಳು ಕಪ್ಪಾಗಿರುವುದರಿಂದ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ, ಮೂಗನ್ನೇ ನಂಬಬೇಕು. ಸೀದರೆ ಪುಡಿಯೆಲ್ಲ ಕಹಿ. ಪೂರ್ತಿ ಆರಿದ ಮೇಲೆ ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಳ್ಳುಳ್ಳಿ ಕೊನೆಯ ಸುತ್ತಿಗೆ.

ಇನ್ನು ಹುಣಸೆಕಾಯಿ ತೊಕ್ಕು. ಇದಕ್ಕೆ ಸಿಗುವುದು ಕೆಲವೇ ವಾರ. ಕಾಯಿ ತುಂಬಿರಬೇಕು, ಬೀಜ ಗಟ್ಟಿಯಾಗಿರಬಾರದು. ಉಗುರಿನಿಂದ ಒತ್ತಿದರೆ ಬೀಜದ ಜಾಗ ಮೆತ್ತಗೆ ಸೀಳಿದರೆ ಕೊಳ್ಳಿ, ಕಲ್ಲಿನಂತೆ ತಡೆದರೆ ಬಿಡಿ. ಒಂದು ಕೆಜಿ ಕಾಯಿಗೆ 200 ಗ್ರಾಂ ಕಲ್ಲುಪ್ಪು, 200 ಗ್ರಾಂ ಖಾರದ ಹಸಿಮೆಣಸಿನಕಾಯಿ, ಎರಡು ಚಮಚ ಅರಿಶಿನ, ಹುರಿದು ಪುಡಿ ಮಾಡಿದ ಮೆಂತ್ಯ ಒಂದು ದೊಡ್ಡ ಚಮಚ, ಇಂಗು. ಕಾಯಿ, ಮೆಣಸಿನಕಾಯಿ ಎರಡನ್ನೂ ತೊಳೆದು, ಒರೆಸಿ, ಬಟ್ಟೆ ಮೇಲೆ ಮೂರು ಗಂಟೆ ಆರಲು ಬಿಡಿ. ತೊಕ್ಕು ಕೆಡುವುದು ಸಾಮಾನ್ಯವಾಗಿ ಇಲ್ಲೇ, ಮೆಣಸಿನಕಾಯಿ ತೊಟ್ಟಿನ ಹತ್ತಿರ ಉಳಿದ ಒಂದು ಹನಿ ನೀರಿನಿಂದ. ತೊಟ್ಟು ತೆಗೆಯುವುದು ಒಣಗಿದ ಮೇಲೆ.

ಮೊದಲ ದಿನ ಕಾಯನ್ನು ಉಪ್ಪು, ಅರಿಶಿನದ ಜೊತೆ ಒರಳಲ್ಲಿ ತರಿತರಿಯಾಗಿ ಕುಟ್ಟಿ, ಪಿಂಗಾಣಿ ಜಾಡಿಗೆ ಒತ್ತಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ. ಮೂರು ದಿನ ಮುಟ್ಟಬೇಡಿ. ಉಪ್ಪು ನಾರನ್ನು ಸಡಿಲಿಸಿರುತ್ತದೆ. ಮೂರು ದಿನ ಕಳೆದು ಕುಟ್ಟುವಾಗ ನಾರು, ಬೀಜದ ಚೂರು ತಾವಾಗಿ ಕೈಗೆ ಬರುತ್ತವೆ. ಮೊದಲ ದಿನವೇ ನಾರು ತೆಗೆಯಲು ಹೋದರೆ ಅರ್ಧ ಕಾಯಿ ನಾರಿನ ಜೊತೆ ಹೋಗುತ್ತದೆ. ಈಗ ಮೆಣಸಿನಕಾಯಿ, ಮೆಂತ್ಯ, ಇಂಗು ಸೇರಿಸಿ ನುಣ್ಣಗೆ ಕುಟ್ಟಿ. ಮಿಕ್ಸಿಯಲ್ಲೂ ಆಗುತ್ತದೆ, ಆದರೆ ನಾರು ಬ್ಲೇಡಿಗೆ ಸುತ್ತಿಕೊಂಡು ಮೋಟರ್ ಕಾಯುತ್ತದೆ, ಕಷ್ಟವೆಂದು ನೀರು ಹಾಕುವ ಆಸೆ ಬರುತ್ತದೆ. ಹಾಕಿದರೆ ಅದು ವಾರದ ಚಟ್ನಿ, ವರ್ಷದ ತೊಕ್ಕಲ್ಲ. ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಹತ್ತಿರ ತರಬೇಡಿ, ಹುಳಿ ಲೋಹವನ್ನು ತಿನ್ನುತ್ತದೆ. ಉಪ್ಪು ಜಾಸ್ತಿಯಾಯಿತೆಂದು ಕಡಿಮೆ ಮಾಡುವವರು ಫ್ರಿಜ್ಜಿನಲ್ಲೇ ಇಡಬೇಕು. ತಿನ್ನುವಾಗ ನಿಂಬೆಗಾತ್ರ ತೆಗೆದು ಎಣ್ಣೆ, ಸಾಸಿವೆ ಒಗ್ಗರಣೆ ಕೊಡಿ, ಬೇಕಾದರೆ ಚೂರು ಬೆಲ್ಲ. ಬೆಟ್ಟದ ನೆಲ್ಲಿಕಾಯಿಯನ್ನೂ ಹೀಗೇ ಮಾಡಬಹುದು; ಕಬ್ಬಿಣದ ಚಾಕು ತಾಕಿದರೆ ಅದು ಇನ್ನೂ ಬೇಗ ಕಪ್ಪಾಗುತ್ತದೆ.

ಕುಟ್ಟುವ ಕೈಗೆ ಬಿಡುವು ಸಿಕ್ಕಾಗ ಕಂಬಳಿ ತಿರುವಿ ಹಾಕಿ. ಚಳ್ಳಕೆರೆ ಕಡೆಯ ಕುರಿ ಕಂಬಳಿಯನ್ನು ಪದೇಪದೇ ಒಗೆಯುವುದು ಅದಕ್ಕೆ ಮಾಡುವ ಅನ್ಯಾಯ. ಅದರ ಬಿಗಿ ಹುಣಸೆ ಬೀಜದ ಗಂಜಿಯಿಂದ ಬಂದದ್ದು, ಒಗೆದರೆ ಗಂಜಿ ಹೋಗಿ ಜೋಲುತ್ತದೆ. ಬಿಸಿನೀರಿಗೆ ಉಣ್ಣೆ ಕುಗ್ಗುತ್ತದೆ. ಎರಡೂ ಮಗ್ಗುಲು ಎರಡೆರಡು ಗಂಟೆ ಬಿಸಿಲು, ಕೋಲಿನಿಂದ ಹೊಡೆತ, ಮಡಿಕೆಗಳಲ್ಲಿ ಬ್ರಷ್, ಸಾಕು. ಹುಳುವಿನ ಮೊಟ್ಟೆ ಇರುವುದು ಮಡಿಕೆಯಲ್ಲೇ. ಬೇವಿನೆಲೆ ಇಡುವುದಾದರೆ ಗರಿಗರಿ ಒಣಗಿದ್ದನ್ನೇ ಇಡಿ, ಹಸಿ ಎಲೆ ಕಲೆ ಮಾಡುತ್ತದೆ. ಕೌದಿಯನ್ನು ಒಗೆಯಬಹುದು, ಆದರೆ ಹತ್ತು ಗಂಟೆಯ ಒಳಗೆ ಒಗೆದು ಹಿಂಡಿರಬೇಕು. ಅಷ್ಟು ಪದರ ಒಂದೇ ದಿನಕ್ಕೆ ಒಣಗುವುದಿಲ್ಲ. ರಾತ್ರಿ ಒಳಗೆ ತಂದು ಕುರ್ಚಿಗಳ ಮೇಲೆ ಹರಡಿ, ಮರುದಿನ ಮತ್ತೆ ಹಾಕಿ.

ಈರುಳ್ಳಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗ ದುರ್ಗದಿಂದ ಬರುವುದು ಮುಂಗಾರಿನದು, ನೀರು ಹೆಚ್ಚು, ಸಿಪ್ಪೆ ತೆಳು. ಅಗ್ಗವೆಂದು ಮೂಟೆ ತಂದರೆ ತಿಂಗಳೊಪ್ಪತ್ತಿನ ಮೇಲೆ ನಂಬಬೇಡಿ. ಕುತ್ತಿಗೆ ಸಣ್ಣಗೆ ಒಣಗಿದ್ದನ್ನು ಬಲೆಚೀಲದಲ್ಲಿ ತೂಗುಹಾಕಿ, ದಪ್ಪ ಕುತ್ತಿಗೆಯದನ್ನು ಮೊದಲು ಅಡುಗೆಗೆ. ಆಲೂಗಡ್ಡೆ ಬುಟ್ಟಿಯಿಂದ ದೂರ.

ನಾಲ್ಕು ಗಂಟೆಗೆ ಎಲ್ಲ ಒಳಗೆ ಬಂದ ಮೇಲೆ ರುಬ್ಬುವ ಕೆಲಸ. ರಾತ್ರಿ ತಾಪ 15–16 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಬೇಸಿಗೆಯಲ್ಲಿ ಎಂಟು ಗಂಟೆಗೆ ಉಬ್ಬುವ ದೋಸೆಹಿಟ್ಟಿಗೆ ಈಗ ಹದಿಮೂರು ಹದಿನಾಲ್ಕು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ರುಬ್ಬಿ ಬೆಳಿಗ್ಗೆ ಸೋಡಾ ಹಾಕುವ ಬದಲು ಐದಕ್ಕೇ ರುಬ್ಬಿ. ಮೂರು ಕಪ್ಪು ದೋಸೆ ಅಕ್ಕಿ, ಮುಕ್ಕಾಲು ಕಪ್ಪು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಐದು ಗಂಟೆ ನೆನೆದಿರಲಿ. ಎರಡು ಕಪ್ಪು ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ತೋಯಿಸಿದರೆ ಸಾಕು. ಉಗುರು ಬೆಚ್ಚಗಿನ ನೀರಲ್ಲಿ ರುಬ್ಬಿ, ಉಪ್ಪು ಹಾಕಿ ಕೈಯಿಂದಲೇ ಕಲೆಸಿ, ಬಚ್ಚಲ ಒಲೆಯ ಪಕ್ಕ ಇಡಿ. ಬೆಣ್ಣೆಯನ್ನು ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಡಿ, ಗಟ್ಟಿ ಬೆಣ್ಣೆ ದೋಸೆಯನ್ನು ಹರಿಯುತ್ತದೆ.

ಕೊನೆಗೆ ಹೆಪ್ಪು. ಹಾಲು ಬೇಸಿಗೆಗಿಂತ ಒಂದು ಮಟ್ಟ ಬಿಸಿ ಇರಲಿ, ಬೆರಳಿಟ್ಟು ಹತ್ತು ಎಣಿಸುವಷ್ಟು. ಅದಕ್ಕಿಂತ ಬಿಸಿಯಾದರೆ ಹೆಪ್ಪು ಸಾಯುತ್ತದೆ, ಮೊಸರು ಒಡೆದು ನೀರಾಗುತ್ತದೆ. ಅರ್ಧ ಲೀಟರಿಗೆ ಎರಡು ಚಮಚ ಹೆಪ್ಪು, ಚೆನ್ನಾಗಿ ಕಲೆಸಿ, ಪಾತ್ರೆಗೆ ದಪ್ಪ ಟವೆಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಹೂತಿಡಿ. ಬೆಳಿಗ್ಗೆ ಇನ್ನೂ ನೀರಾಗಿದ್ದರೆ ಮತ್ತೆ ಹೆಪ್ಪು ಹಾಕಬೇಡಿ, ಸೌಟು ಆಡಿಸಬೇಡಿ. ಅಗಲ ಬೋಗುಣಿಯ ಬಿಸಿನೀರಲ್ಲಿ ಪಾತ್ರೆ ಇಟ್ಟು ಒಂದೆರಡು ಗಂಟೆ ಬಿಡಿ, ಕಟ್ಟಿಕೊಳ್ಳುತ್ತದೆ.