‘ಎಂಜಿನ್ ಯಾವಾಗ ಬದಲಾಯಿಸ್ತೀರಿ?’ ಅಂತ ಕೇಳುವವರಿಗೆ

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಸಾಕು, ಶುರುವಾಗುತ್ತದೆ. ಮೊದಲು "ಇದು ಎಂಥ ಗಾಡಿ ಮಾರಾಯ್ರೆ?" ಆಮೇಲೆ "ಎಂಜಿನ್ ಎಷ್ಟು?" ಅರವತ್ತು ಹಾರ್ಸ್‌ಪವರ್ ಅಂದ ಕೂಡಲೇ ಮುಖ ಸಪ್ಪೆ. "ಅಷ್ಟೇನಾ? ಹಳೇ ಹೋಂಡಾ ಸಿಟಿ ಕಾರಿನ ವಿಟೆಕ್ ಎಂಜಿನ್ ಹಾಕಿಸಿ ಬಿಡಿ, ಹಾರ್ತದೆ!"

ಗಾಡಿ ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾದ ಎರಡೇ ಸೀಟಿನ ಕಾರು. ಫೈಬರ್ ಬಾಡಿ, ಮಡಚುವ ಬಟ್ಟೆ ಟಾಪ್. ಮುಂದೆ ರೆನೋದ 1149 ಸಿಸಿ ಎಂಜಿನ್ ಅಡ್ಡಕ್ಕೆ ಕೂತಿದೆ, ಎಳೆಯುವುದೂ ಮುಂದಿನ ಚಕ್ರಗಳೇ. ಪ್ರತಿಯೊಬ್ಬರಿಗೂ ಬಂಕಿನಲ್ಲೇ ನಿಂತು ಉತ್ತರ ಹೇಳಿ ಸಾಕಾಗಿದೆ, ಅದಕ್ಕೆ ಒಮ್ಮೆ ಬರೆದೇ ಬಿಡುತ್ತೇನೆ.

ಆಸೆ ನನಗೂ ಇತ್ತು. ಸುಮ್ನೆ ಅಲ್ಲ, ಒಂದು ಮಳೆಗಾಲ ಪೂರ್ತಿ ಇದೇ ಲೆಕ್ಕ ಹಾಕಿದ್ದೇನೆ.

ಮೊದಲು ವಿಟೆಕ್. ಆ ಸಿಟಿಯ 1.5 ಲೀಟರ್ ಎಂಜಿನ್‌ಗೆ 106 ಹಾರ್ಸ್‌ಪವರ್, ಕೂಗುವುದೂ ಚೆಂದ. ಆದರೆ ಹಾರ್ಸ್‌ಪವರ್ ಆಮೇಲೆ, ಮೊದಲು ಗೇರ್‌ಬಾಕ್ಸ್ ಯಾವ ಬದಿಗೆ ಉಂಟು ಅಂತ ನೋಡಬೇಕು. ಹೋಂಡಾದ ಆ ಕಾಲದ ಎಂಜಿನ್‌ಗಳು ಬೇರೆಯವರ ಎಂಜಿನ್‌ಗಳಿಗೆ ಉಲ್ಟಾ ತಿರುಗುತ್ತವೆ. ಗೇರ್‌ಬಾಕ್ಸ್ ಕೂಡ ಎದುರು ಬದಿಗೆ. ಅಂದರೆ ನನ್ನ ಗಾಡಿಯಲ್ಲಿ ಎಂಜಿನ್ ಇರುವ ಕಡೆ ಗೇರ್‌ಬಾಕ್ಸ್ ಬರುತ್ತದೆ, ಗೇರ್‌ಬಾಕ್ಸ್ ಇರುವ ಕಡೆ ಎಂಜಿನ್. ಮೌಂಟಿಂಗ್ ಎಲ್ಲ ಹೊಸದು, ಗೇರ್ ಲಿವರ್‌ನ ಲಿಂಕ್ ಹೊಸದು, ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಎರಡೂ ಬದಿಯ ಡ್ರೈವ್ ಶಾಫ್ಟ್‌ನ ಉದ್ದ ಬೇರೆ. ಇದನ್ನು ಹೇಳಿದರೆ "ಅದೆಲ್ಲ ವೆಲ್ಡಿಂಗ್‌ನವ ಮಾಡಿ ಕೊಡ್ತಾನೆ" ಅನ್ನುತ್ತಾರೆ. ಮಾಡಿ ಕೊಡ್ತಾನೆ, ಸರಿ. ಉಡುಪಿ ಕಡೆಯ ನನ್ನ ದೋಸ್ತಿಯೊಬ್ಬ ಬೇರೊಂದು ಹಳೇ ಕಾರಿಗೆ ಇದೇ ಎಂಜಿನ್ ಇಳಿಸಿ ಶಾಫ್ಟನ್ನು ತುಂಡು ಮಾಡಿ ಬೆಸುಗೆ ಹಾಕಿಸಿದ್ದ. ಹೆಬ್ರಿ ದಾಟಿ ಸೋಮೇಶ್ವರದ ಹತ್ತಿರ ಎರಡನೇ ಗೇರಿನಲ್ಲಿ ಒತ್ತಿದ್ದಷ್ಟೇ, 'ಟಪ್' ಅಂತ ಬೆಸುಗೆಯ ಪಕ್ಕದಲ್ಲೇ ಕಡಿದು ಹೋಯಿತು. ಇವ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ನೋಡಲು ಹೊರಟವ, ಒಂದೂ ನೋಡದೆ ಪಿಕಪ್ಪಿಗೆ ಹಗ್ಗ ಕಟ್ಟಿ ಮನೆಗೆ ಬಂದ.

ಎರಡನೆಯದು ಮಾರುತಿಯ 1.3. ಮನಸ್ಸು ನಿಂತದ್ದು ಇದರ ಮೇಲೆ. ಅಲ್ಯುಮಿನಿಯಂ ಬ್ಲಾಕ್, ತೂಕ ಕಮ್ಮಿ, ಎಸ್ಟೀಮ್ ಕಾರಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಷನ್ ಇರುವುದು) ಆದರೆ 85 ಹಾರ್ಸ್‌ಪವರ್, ಗೇರ್‌ಬಾಕ್ಸ್ ಸರಿಯಾದ ಬದಿಗೇ ಉಂಟು. "ಜಿಪ್ಸಿಯದ್ದು ಸಿಗ್ತದಲ್ಲ" ಅನ್ನುವವರಿದ್ದಾರೆ. ಎಂಜಿನ್ ಅದೇ ಕುಟುಂಬದ್ದು ಹೌದು, ಆದರೆ ಮಾರುತಿಯ ಆ ಜೀಪಿನಲ್ಲಿ ಅದು ನನ್ನದರ ಹಾಗೆ ಅಡ್ಡಕ್ಕಲ್ಲ, ಉದ್ದಕ್ಕೆ ಕೂತಿರುತ್ತದೆ, ಆ ಗೇರ್‌ಬಾಕ್ಸ್ ತಂದು ನಾನೇನು ಮಾಡಲಿ?

ಬಾನೆಟ್ ಕೆಳಗೆ ಎಷ್ಟು ಜಾಗ ಉಂಟು ನೋಡಲು ಅಮ್ಮನ ಹತ್ತಿರ ಚಪಾತಿ ಹಿಟ್ಟು ಕೇಳಿದೆ. ಎಂಜಿನ್ ಮೇಲೆ ನಾಲ್ಕು ಕಡೆ ಲಿಂಬೆಯಷ್ಟು ದೊಡ್ಡ ಉಂಡೆ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಕಿ, ಬಾನೆಟ್ ಮೆಲ್ಲ ಮುಚ್ಚಿ ತೆರೆಯುವುದು. ಉಂಡೆ ಚಪ್ಪಟೆಯಾಗಿ ಎಷ್ಟು ದಪ್ಪ ಉಳಿಯಿತೋ ಅಷ್ಟೇ ಜಾಗ. ಮುಂದೆ ಎರಡು ಬೆರಳು ಬಂತು, ಹಿಂದೆ ಒಂದೇ ಬೆರಳು. ಟೇಪ್ ಹಿಡಿದು ಗುಜರಿಗೆ ಹೋಗಿ ಎಸ್ಟೀಮ್ ಎಂಜಿನ್ ಅಳೆದರೆ ಏರ್ ಫಿಲ್ಟರ್ ಬಿಟ್ಟು ಉಳಿದದ್ದು ಕೂರುವ ಹಾಗೆ ಕಂಡಿತು. ಖುಷಿಯೋ ಖುಷಿ. ಅಮ್ಮ ಮಾತ್ರ "ಆ ಹಿಟ್ಟನ್ನು ವಾಪಸ್ ತರಬೇಡ" ಅಂದರು.

ಹಯಾಬುಸಾ ಬೈಕಿನ ಎಂಜಿನ್ ಹಾಕಿ ಅನ್ನುವ ಕಾಲೇಜು ಹುಡುಗರಿಗೆ ಒಂದೇ ಮಾತು: ಅದಕ್ಕೆ ರಿವರ್ಸ್ ಗೇರ್ ಇಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಪಾರ್ಕ್ ಮಾಡಿದ ಮೇಲೆ ನೀವೇ ಬಂದು ದೂಡಬೇಕು.

ಇನ್ನು ಯಾರೂ ಕೇಳದ ವಿಷಯ, ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪುಸ್ತಕ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಡಕ್ಕಾಗಿ ಹೇಳಿತು. ಹಾಳಾದ ಎಂಜಿನ್‌ಗೆ ಅದೇ ಥರದ್ದು ಹಾಕಲು ಆರ್‌ಟಿಒ ಅನುಮತಿಯ ದಾರಿ ಉಂಟು. ಬೇರೆ ಕಂಪನಿಯ, ಬೇರೆ ಸಿಸಿಯ ಎಂಜಿನ್ ಅಂದರೆ ಕಥೆಯೇ ಬೇರೆ. ಕೆಎ-19 ಪ್ಲೇಟಿನ ಗಾಡಿ, ಪುಸ್ತಕದಲ್ಲಿ ಒಂದು ಎಂಜಿನ್ ನಂಬರ್, ಒಳಗೆ ಇನ್ನೊಂದು. ನಾಳೆ ಹೈವೇಯಲ್ಲಿ ಯಾರಿಗಾದರೂ ತಾಗಿದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದು ಅದನ್ನೇ ಅಲ್ವಾ? ಎಸ್ಟೀಮ್ ಆಸೆ ಬಿಟ್ಟದ್ದು ಇಲ್ಲಿ. ಪ್ರೈವೇಟ್ ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುವ ಗಾಡಿಯಾಗಿದ್ದರೆ ಇಷ್ಟು ಹೊತ್ತಿಗೆ ಹಾಕಿಸಿ ಆಗಿರುತ್ತಿತ್ತು.

ಮತ್ತೆ, ಹಾರ್ಸ್‌ಪವರ್ ಒಂದೇ ಎಲ್ಲ ಅಲ್ಲ. ಲೋಟಸ್ ಎಲೀಸ್ ಅಂತ ಇಂಗ್ಲೆಂಡಿನ ಎರಡು ಸೀಟಿನ ಒಂದು ಕಾರುಂಟು. 1996ರಲ್ಲಿ ಬಂದಾಗ ಅದರಲ್ಲಿದ್ದದ್ದು ರೋವರ್‌ನ 1.8 ಲೀಟರ್ ಎಂಜಿನ್, 118 ಹಾರ್ಸ್‌ಪವರ್ ಅಷ್ಟೇ. ಆದರೂ ಜನ ಹುಚ್ಚಾದರು, ಯಾಕೆಂದರೆ ಗಾಡಿಯ ತೂಕ ಸುಮಾರು 725 ಕೆಜಿ. ಅಲ್ಲೂ ಮಾಲೀಕರು ಹೋಂಡಾ ಎಂಜಿನ್ ಇಳಿಸುತ್ತಾರೆ, ಚಟ ಎಲ್ಲ ಕಡೆಯೂ ಒಂದೇ. ಆದರೆ ಅಲ್ಲಿ ಎಂಜಿನ್ ಹಿಂದೆ, ಎಳೆಯುವ ಚಕ್ರವೂ ಹಿಂದೆ. ನನ್ನದರಲ್ಲಿ ಮುಂದಿನ ಎರಡು ಸಣ್ಣ ಟಯರೇ ಎಳೆಯಬೇಕು, ತಿರುಗಬೇಕು, ಬ್ರೇಕಿನ ಭಾರವನ್ನೂ ಹೊರಬೇಕು. ಪಡೀಲಿನ ಹತ್ತಿರ ಮಳೆಗೆ ನುಣುಪಾದ ರಸ್ತೆಯಲ್ಲಿ ಅರವತ್ತು ಹಾರ್ಸ್‌ಪವರಿಗೇ ಅವು ಒಮ್ಮೊಮ್ಮೆ ಸುಮ್ನೆ ತಿರುಗುತ್ತವೆ.

ಎಂಜಿನ್‌ಗೆ ಅಂತ ತೆಗೆದಿಟ್ಟ ದುಡ್ಡಲ್ಲಿ ಟಯರ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್ ಎಲ್ಲ ಹೊಸದು ಹಾಕಿಸಿದೆ. ಸಮುದ್ರದ ಗಾಳಿಗೆ ಫೈಬರ್ ಬಾಡಿಗೆ ಏನೂ ಆಗುವುದಿಲ್ಲ, ಕೆಳಗಿನ ಕಬ್ಬಿಣ ಸುಮ್ಮನಿರುವುದಿಲ್ಲ, ಅದನ್ನೂ ಉಜ್ಜಿ ಬಣ್ಣ ಹೊಡೆಸಿದೆ. ಸ್ವಲ್ಪ ಉಳಿದಿದೆ, ಅದು ಟೈಮಿಂಗ್ ಬೆಲ್ಟಿಗೆ. ಆ ಕೆಲಸ ಆದ ಮೇಲೆ ಬೆಳಿಗ್ಗೆ ಐದಕ್ಕೆ ಹೊರಟು ಆಗುಂಬೆಗೆ ಹೋಗಬೇಕು. ದೋಸ್ತಿ ಪಕ್ಕದ ಸೀಟಿನಲ್ಲಿ ಕೂತು ಬರುತ್ತಾನಂತೆ, ಅವನಿಗೆ ಆ ಹದಿನಾಲ್ಕು ತಿರುವು ಇನ್ನೂ ಬಾಕಿ ಉಂಟು.